ಅಮ್ಮತ್ತಿ ತೋಟದ ಬೋವಾ: ನಾಲ್ಕು ಬಿಳಿ ಮರಿಗಳು ಮತ್ತು ಒಂದು ‘ಅಸಲಿ ಸುರಿನಾಮ್’ ಗಂಡು

2024ರ ಜುಲೈ, ಎರಡನೇ ವಾರ. ಮೂರು ದಿನದಿಂದ ಬಿಡದ ಮಳೆ. ಬೆಳಿಗ್ಗೆ ಆರೂವರೆಗೆ ಕೊಡಗಿನ ಅಮ್ಮತ್ತಿ ಕಡೆಯ ಕಾಫಿ ತೋಟವೊಂದರಿಂದ ಫೋನ್ ಬಂತು.

“ಡಾಕ್ಟ್ರೇ, ರಾತ್ರಿ ಮರಿ ಹಾಕಿದೆ. ನಾಲ್ಕು ಮರಿ ಬೆಳ್ಳಗಿದೆ, ಕಣ್ಣು ಕೆಂಪು. ಏನೋ ಕಾಯಿಲೆ ಇರಬೇಕು. ಒಮ್ಮೆ ಬನ್ನಿ.”

ನನ್ನ ದಿನದ ಕೆಲಸ ನಾಯಿ, ಹಸು, ಹಂದಿ. ಹಾವಿನ ಮಟ್ಟಿಗೆ ನಾನು ಕಲಿತದ್ದೆಲ್ಲ ಈ ಒಬ್ಬ ಮಾಲೀಕರಿಂದ ಮತ್ತು ಅವರ ಎರಡು ಬೋವಾಗಳಿಂದ (ಅಮೆರಿಕ ಖಂಡಗಳ, ಹೆಬ್ಬಾವಿನಂಥ ವಿಷವಿಲ್ಲದ ಹಾವು) ಎಂದರೂ ತಪ್ಪಿಲ್ಲ. ಅರುವತ್ತು ದಾಟಿದವರು, ನಾನು ಅಣ್ಣ ಎಂದೇ ಕರೆಯುವುದು. ಮೆಣಸಿನ ಬಳ್ಳಿ ನೋಡಿಕೊಳ್ಳುವಷ್ಟೇ ಜತನದಿಂದ ಹಾವು ನೋಡಿಕೊಳ್ಳುತ್ತಾರೆ. ಹಳೆಯ ಕಾಫಿ ಸ್ಟೋರಿನ ಒಂದು ಕೋಣೆಗೆ ಥರ್ಮೋಕೋಲ್ ಹೊಡೆಸಿ, ಥರ್ಮೋಸ್ಟಾಟ್ ಹಾಕಿಸಿ, ಕರೆಂಟ್ ಹೋದರೆ ಎಂದು ಯುಪಿಎಸ್, ಅದೂ ಕೈಕೊಟ್ಟರೆ ಎಂದು ಜನರೇಟರ್ ಇಟ್ಟಿದ್ದಾರೆ. ಮಳೆಗಾಲದಲ್ಲಿ ನಮ್ಮ ಕಡೆ ಹೊರಗಿನ ತಾಪಮಾನ ಹದಿನೆಂಟಕ್ಕೆ ಇಳಿಯುತ್ತದೆ. ಬೋವಾಕ್ಕೆ ಪೆಟ್ಟಿಗೆಯ ಬಿಸಿ ಮೂಲೆಯಲ್ಲಿ ಮೂವತ್ತರ ಸುತ್ತಮುತ್ತ ಬೇಕು. ಆ ವಾರ ಜನರೇಟರ್ ಎರಡು ರಾತ್ರಿ ಪೂರ್ತಿ ಓಡಿತ್ತು.

ನಾನು ಹೋದಾಗ ಲೆಕ್ಕ ಹೀಗಿತ್ತು: ಬದುಕಿದ ಮರಿ 19, ಸತ್ತು ಹುಟ್ಟಿದ್ದು 1, ಜೊಳ್ಳು ಮೊಟ್ಟೆ 2. ತಾಯಿ ಸುಸ್ತಾಗಿದ್ದರೂ ಚೆನ್ನಾಗಿತ್ತು. ಮಾರ್ಚ್ ಕೊನೆಗೆ ಪೊರೆ ಬಿಟ್ಟ ಮೇಲೆ ನೂರು ಚಿಲ್ಲರೆ ದಿನ. ಸಮಯಕ್ಕೆ ಸರಿಯಾಗಿ ಆದ ಹೆರಿಗೆ. ತೋಟದ ಕೆಲಸದವರು ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು. ಹೆಬ್ಬಾವು ಮೊಟ್ಟೆ ಇಟ್ಟು ಸುತ್ತಿಕೊಂಡು ಕೂರುವುದು ಅವರಿಗೆ ಗೊತ್ತು, ಇದು ಹೆಬ್ಬಾವಿನ ಹಾಗಿದ್ದೂ ಮರಿ ಹಾಕಿತಲ್ಲ ಎಂಬುದೇ ಅವರ ಬೆರಗು. ಕೊಳಕುಮಂಡಲವೂ ಮರಿಯನ್ನೇ ಹಾಕುತ್ತದೆ ಎಂದು ಒಬ್ಬ ಹಿರಿಯ ನೆನಪಿಸಿದ ಮೇಲೆ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು.

ಬಿಳಿ ಮರಿಗಳಿಗೆ ಕಾಯಿಲೆ ಏನೂ ಇರಲಿಲ್ಲ. ಕೆನೆ ಬಣ್ಣದ ಮೈ, ಬೆನ್ನ ಮೇಲೆ ಕಿತ್ತಳೆ ಮಿಶ್ರಿತ ಗುಲಾಬಿ ಪಟ್ಟೆ, ಕೆಂಪು ಕಣ್ಣು. ಕಪ್ಪು ಎಂಬುದು ಮೈಮೇಲೆ ಎಲ್ಲೂ ಇಲ್ಲ. ಆಲ್ಬಿನೋ. ಅಣ್ಣನಿಗೆ ಸಮಾಧಾನವಾಯಿತು. ಪಕ್ಕದಲ್ಲಿ ನಿಂತಿದ್ದ ಅವರ ತಂಗಿಯ ಮಗನ ಮುಖ ಮಾತ್ರ ಸಪ್ಪಗಾಯಿತು. ಈ ಪ್ರಕರಣ ಶುರುವಾಗುವುದು ಅಲ್ಲಿಂದ.

ಮಾತು ಕೊಟ್ಟಾಗಿತ್ತು

ಆ ಅಳಿಯ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಹಾವಿನ ಹುಚ್ಚು ಮಾವನಿಗೆ ಹಚ್ಚಿದವರೂ ಅವರೇ. ಹುಟ್ಟುವ ಮರಿಗಳಲ್ಲಿ ಆರನ್ನು ‘ಅಸಲಿ ಸುರಿನಾಮ್ ರೆಡ್ ಟೇಲ್’ ಎಂದು ಒಬ್ಬ ಹವ್ಯಾಸಿಗೆ ಮೊದಲೇ ಮಾತು ಕೊಟ್ಟಿದ್ದರು. ಆ ಕಡೆಯವರು ಡಿಎನ್‌ಎ ಸರ್ಟಿಫಿಕೇಟ್ ಬೇಕು ಎಂದಿದ್ದರು.

ಗಂಡು 2018ರಲ್ಲಿ ಬಂದದ್ದು. ಮಾರಿದವರು ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ಮೂಲ ಎಂದು ಹೇಳಿದ್ದರು. ಒಂದು ಕಾಗದದ ಚೂರಿನಲ್ಲಿ ಬರೆದೂ ಕೊಟ್ಟಿದ್ದರು, ಸಹಿ ಇಲ್ಲದೆ. ಹೆಣ್ಣು 2019ರಲ್ಲಿ ಇನ್ನೊಬ್ಬರಿಂದ, ಮೊಳದುದ್ದದ ಮರಿಯಾಗಿದ್ದಾಗಲೇ. ಅದಕ್ಕೆ ಬರೀ ‘ರೆಡ್ ಟೇಲ್’ ಎಂಬ ಹೆಸರು. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ, ವಿದೇಶಿ ಜೀವಿ ಸಾಕಿದವರು ಆರು ತಿಂಗಳೊಳಗೆ ತಾವಾಗಿಯೇ ಘೋಷಿಸಿಕೊಂಡರೆ ದಾಖಲೆ ಕೇಳುವುದಿಲ್ಲ ಎಂದಿತು. ಅಣ್ಣ ಎರಡನ್ನೂ ಘೋಷಿಸಿದರು. ಎರಡರ ಮುಂದೆಯೂ ‘ಬೋವಾ ಕನ್‌ಸ್ಟ್ರಿಕ್ಟರ್’ ಎಂದು ಬರೆದರು.

ಮುಂದೆ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳೆಲ್ಲ ನಮ್ಮ ಕಾಯ್ದೆಯ ನಾಲ್ಕನೇ ಅನುಸೂಚಿಗೆ ಸೇರಿದವು. 2024ರ ಫೆಬ್ರವರಿ ಕೊನೆಗೆ ಬಂದ ನಿಯಮದ ಪ್ರಕಾರ ಪರಿವೇಶ್ 2.0 ತಾಣದಲ್ಲಿ ಆರು ತಿಂಗಳೊಳಗೆ ನೋಂದಾಯಿಸಬೇಕಿತ್ತು. ಹುಟ್ಟು, ಸಾವು, ಕೈಬದಲು ಎಲ್ಲವನ್ನೂ ತಿಳಿಸಬೇಕು. ಹಾಗಾಗಿ ಆ ಜುಲೈನಲ್ಲಿ ಅಣ್ಣನ ಮೇಜಿನ ಮೇಲೆ ಎರಡು ಕೆಲಸ ಒಟ್ಟಿಗೆ ಬಿದ್ದಿದ್ದವು: ದೊಡ್ಡವೆರಡರ ನೋಂದಣಿ, ಹತ್ತೊಂಬತ್ತು ಮರಿಗಳ ಜನನ ವರದಿ. ಪ್ರಭೇದದ ಹೆಸರು ಎಂಬ ಕಾಲಂ ಎರಡರಲ್ಲೂ ಇತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಅಳಿಯ ಆ 2020ರ ಕಾಗದವನ್ನೇ ವಂಶಾವಳಿಯ ಪುರಾವೆ ಎಂದು ನನ್ನ ಮುಂದೆ ಹಿಡಿದಿದ್ದರು. ಅದು ಈ ಹಾವು ಇವರ ಬಳಿ ಇದೆ ಎಂದು ಹೇಳುವ ಕಾಗದ. ಹಾವು ಯಾರ ಮಗ ಎಂದು ಹೇಳುವುದಲ್ಲ. ಆರ್‌ಟಿಸಿಯಲ್ಲಿ ಹೆಸರಿದ್ದ ಮಾತ್ರಕ್ಕೆ ತೋಟದ ಗಿಡ ಯಾವ ತಳಿ ಎಂದು ತಿಳಿಯುತ್ತದೆಯೇ?

ಹೆಸರಿನ ಗೋಜಲು

ಲಿನ್ನೇಯಸ್ 1758ರಲ್ಲಿ ಬೋವಾ ಕನ್‌ಸ್ಟ್ರಿಕ್ಟರ್ ಎಂದು ಹೆಸರಿಟ್ಟ. 1803ರಲ್ಲಿ ದೋದಾನ್ ಎಂಬ ಫ್ರೆಂಚ್ ವಿಜ್ಞಾನಿ ಬೋವಾ ಇಂಪರೇಟರ್ ಎಂದು ಇನ್ನೊಂದನ್ನು ವಿವರಿಸಿದ. ಬಹುಕಾಲ ಎರಡನೆಯದನ್ನು ಮೊದಲನೆಯದರ ಉಪಪ್ರಭೇದ ಎಂದೇ ನೋಡಿದರು. ಸಾಕುವವರು ಇಂದಿಗೂ ಹೇಳುವ ‘ಬಿಸಿಸಿ’ (ಬೋವಾ ಕನ್‌ಸ್ಟ್ರಿಕ್ಟರ್ ಕನ್‌ಸ್ಟ್ರಿಕ್ಟರ್), ‘ಬಿಸಿಐ’ (ಬೋವಾ ಕನ್‌ಸ್ಟ್ರಿಕ್ಟರ್ ಇಂಪರೇಟರ್) ಎಂಬ ಚುಟುಕು ಹೆಸರುಗಳು ಆ ಕಾಲದವು. 2009ರಲ್ಲಿ ಮೈಟೋಕಾಂಡ್ರಿಯಾ ಡಿಎನ್‌ಎ ನೋಡಿದವರಿಗೆ ಎರಡು ಸ್ಪಷ್ಟ ಕವಲುಗಳು ಕಂಡವು: ಒಂದು ದಕ್ಷಿಣ ಅಮೆರಿಕದ್ದು, ಇನ್ನೊಂದು ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ವಾಯವ್ಯ ಮೂಲೆಯದ್ದು. 2014ರ ಹೊತ್ತಿಗೆ ಇಂಪರೇಟರ್ ಪ್ರತ್ಯೇಕ ಪ್ರಭೇದ ಎಂಬ ಮಾತು ಗಟ್ಟಿಯಾಯಿತು. 2016ರಲ್ಲಿ ಮೆಕ್ಸಿಕೋದ ಪೆಸಿಫಿಕ್ ಕರಾವಳಿಯವನ್ನೂ ಬೇರ್ಪಡಿಸಿ ಬೋವಾ ಸಿಗ್ಮಾ ಎಂದರು.

ಇದರಲ್ಲಿ ನಮಗೆ ಬೇಕಾದ ಅಂಶ ಒಂದೇ. ಸುರಿನಾಮ್‌ನದು ಬೋವಾ ಕನ್‌ಸ್ಟ್ರಿಕ್ಟರ್. ಮಾರುಕಟ್ಟೆಗೆ ಕೊಲಂಬಿಯಾದಿಂದ ರಾಶಿ ರಾಶಿಯಾಗಿ ಬಂದದ್ದು ಬೋವಾ ಇಂಪರೇಟರ್. ಕೊಲಂಬಿಯಾ ಎಂಬ ಹೆಸರನ್ನೂ ಪೂರ್ತಿ ನಂಬುವಂತಿಲ್ಲ. ಆಂಡೀಸ್ ಪರ್ವತದ ಪಶ್ಚಿಮಕ್ಕೆ ಇಂಪರೇಟರ್, ಪೂರ್ವಕ್ಕೆ ಅಮೆಜಾನ್ ಇಳಿಜಾರಿನಲ್ಲಿ ಕನ್‌ಸ್ಟ್ರಿಕ್ಟರ್. ಹಾವಿಗೆ ಗಡಿ ಬೆಟ್ಟ, ಪಾಸ್‌ಪೋರ್ಟ್ ಅಲ್ಲ. ಇನ್ನು ‘ರೆಡ್ ಟೇಲ್’ ಎಂಬುದು ಹೆಸರೇ ಅಲ್ಲ, ವ್ಯಾಪಾರಿ ಕೂಗು. ಮೊದಲು ಕನ್‌ಸ್ಟ್ರಿಕ್ಟರ್‌ನ ಇಟ್ಟಿಗೆಗೆಂಪು ಬಾಲಕ್ಕೆ ಹೇಳಿದ್ದನ್ನು ಈಗ ಯಾವ ಬೋವಾಕ್ಕೂ ಅಂಟಿಸುತ್ತಾರೆ.

ಹೀಗಾಗಿ 2020ರಲ್ಲಿ ಅಣ್ಣ ಎರಡಕ್ಕೂ ಬೋವಾ ಕನ್‌ಸ್ಟ್ರಿಕ್ಟರ್ ಎಂದು ಬರೆದದ್ದು ಹಳೆಯ ಅರ್ಥದಲ್ಲಿ ಸರಿ, ಹೊಸ ಅರ್ಥದಲ್ಲಿ ಅನುಮಾನ. ಅವರ ಹೆಣ್ಣು ನೋಡಿದ ಯಾರಿಗೂ ಅದು ಇಂಪರೇಟರ್ ಎಂದೇ ಅನಿಸುತ್ತದೆ: ಬೆನ್ನ ಮೇಲೆ 24 ಪಟ್ಟೆ, ಬಾಲ ಕಂದು. ಗಂಡು ಬೇರೆಯೇ ಚೆಲುವ. ಪಟ್ಟೆ 20, ಪ್ರತಿ ಪಟ್ಟೆಯ ಅಂಚೂ ಬಾವಲಿ ರೆಕ್ಕೆಯ ಹಾಗೆ ಚೂಪು, ಬಾಲ ರಕ್ತಗೆಂಪು. ಪಟ್ಟೆ ಎಣಿಸಿ ತೀರ್ಮಾನ ಕೊಡಬೇಕು ಎಂದಿದ್ದರೆ ನಾನೂ ಅದನ್ನು ಸುರಿನಾಮ್ ಎಂದೇ ಹೇಳುತ್ತಿದ್ದೆ. ಪಟ್ಟೆಯ ಎಣಿಕೆ, ಹುರುಪೆಯ ಸಾಲಿನ ಎಣಿಕೆ ಎರಡರಲ್ಲೂ ಈ ಪ್ರಭೇದಗಳು ಒಂದರ ಮೇಲೊಂದು ಬೀಳುತ್ತವೆ. ಕಾಡಿನಿಂದ ತಂದ, ಸ್ಥಳ ಗೊತ್ತಿರುವ ಹಾವಿಗೆ ಆ ಎಣಿಕೆ ಒಂದು ಸಾಕ್ಷಿ. ಮೂರು ತಲೆಮಾರಿನಿಂದ ಪೆಟ್ಟಿಗೆಯಲ್ಲಿ ಹುಟ್ಟಿದ ಹಾವಿಗೆ, ಕೆಂಪು ಬಾಲ ನೋಡಿ ನೋಡಿ ಆರಿಸಿದ ಹಾವಿಗೆ, ಅದು ಆರಿಸಿದವರ ರುಚಿಯ ಸಾಕ್ಷಿ.

ಬಿಳಿ ಮರಿ ಏನು ಹೇಳುತ್ತದೆ

ಆಲ್ಬಿನೋ ದುರ್ಬಲ ಗುಣ. ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ, ಎರಡೂ ಸೇರಿದರೆ ಮಾತ್ರ ಮರಿ ಬಿಳಿ. ಒಂದೇ ಪ್ರತಿ ಹೊತ್ತ ಹಾವು ನೋಡಲು ಎಲ್ಲರಂತೆ. ಅಪ್ಪ ಅಮ್ಮ ಇಬ್ಬರೂ ಹೀಗೆ ಒಳಗೊಳಗೇ ಹೊತ್ತಿದ್ದರೆ ನಾಲ್ಕರಲ್ಲಿ ಒಂದು ಮರಿ ಬಿಳಿಯಾಗಬೇಕು. ಇಪ್ಪತ್ತಕ್ಕೆ ಐದು. ಇಲ್ಲಿ ಬಂದದ್ದು ನಾಲ್ಕು. ಹತ್ತನೇ ತರಗತಿಯ ಮೆಂಡಲ್ ಬಟಾಣಿ ಲೆಕ್ಕವೇ.

ಅಂದರೆ ಸುರಿನಾಮ್ ಎನಿಸಿಕೊಂಡ ಗಂಡು ಒಂದು ಆಲ್ಬಿನೋ ಜೀನ್ ಹೊತ್ತಿದೆ. ಅಷ್ಟೇ ಅಲ್ಲ, ಹೆಣ್ಣಿನಲ್ಲಿರುವ ಜೀನೇ ಅದರಲ್ಲೂ ಇದೆ. ಇದು ಏಕೆ ಮುಖ್ಯ ಎಂದರೆ, ಬೋವಾ ಸಾಕಣೆಯಲ್ಲಿ ಪ್ರಸಿದ್ಧವಾದ ಆಲ್ಬಿನೋ ತಳಿ ಎರಡು: ಕಾಲ್ ಮತ್ತು ಶಾರ್ಪ್. ಎರಡೂ ನೋಡಲು ಹೆಚ್ಚುಕಡಿಮೆ ಒಂದೇ, ಆದರೆ ಒಂದನ್ನು ಇನ್ನೊಂದಕ್ಕೆ ಕೂಡಿಸಿದರೆ ಹುಟ್ಟುವ ಮರಿಗಳೆಲ್ಲ ಸಾಮಾನ್ಯ ಬಣ್ಣದವು. ಜೀನ್ ಬೇರೆ ಬೇರೆ. ನಮ್ಮಲ್ಲಿ ಬಿಳಿ ಮರಿ ಹುಟ್ಟಿತು ಎಂದಾಗಲೇ ಗಂಡು ಹೆಣ್ಣು ಎರಡರೊಳಗೂ ಒಂದೇ ತಳಿಯ ಜೀನ್ ಎಂದಾಯಿತು. ಇವೆರಡು ತಳಿಗಳ ಬೇರೂ ಇರುವುದು ಕೊಲಂಬಿಯಾದ ಇಂಪರೇಟರ್‌ನಲ್ಲಿ.

ತೀರ್ಮಾನಕ್ಕೆ ಬರುವ ಮೊದಲು ನಾನು ಎರಡು ಅನುಮಾನ ಪರಿಹರಿಸಿಕೊಂಡೆ.

ಮೊದಲನೆಯದು, ಈ ಮರಿಗಳಿಗೆ ಅಪ್ಪ ಇದ್ದಾನೆಯೇ? ಪ್ರಶ್ನೆ ತಮಾಷೆಯಲ್ಲ. ಬೋವಾ ಹೆಣ್ಣು ಗಂಡಿನ ಸೋಂಕಿಲ್ಲದೆ ಮರಿ ಹಾಕಬಲ್ಲದು ಎಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಲ್ಲಿ ಹುಟ್ಟಿದ ಮರಿಗಳೆಲ್ಲ ಹೆಣ್ಣು, ಎಲ್ಲಕ್ಕೂ ಅಮ್ಮನಲ್ಲಿ ಅಡಗಿದ್ದ ದುರ್ಬಲ ಬಣ್ಣ. ಹೆಣ್ಣು ಮರಿಗಳೇ ಏಕೆ ಎಂಬುದಕ್ಕೆ ಆಗ ಕೊಟ್ಟ ವಿವರಣೆ 2017ರಲ್ಲಿ ತಲೆಕೆಳಗಾಯಿತು. ಹಾವುಗಳಿಗೆಲ್ಲ ಹಕ್ಕಿಗಳಂತೆ ಜಡ್-ಡಬ್ಲ್ಯೂ ಲಿಂಗ ವರ್ಣತಂತು ಎಂದು ನಂಬಿದ್ದರು. ಬೋವಾ ಮತ್ತು ಹೆಬ್ಬಾವಿನಲ್ಲಿ ನಮ್ಮ ಹಾಗೆ ಎಕ್ಸ್-ವೈ ಎಂದು ಗೊತ್ತಾಯಿತು. ಎಕ್ಸ್ ಮಾತ್ರ ಇರುವ ಅಮ್ಮ ಒಬ್ಬಳೇ ಹೆತ್ತರೆ ಮಗಳೇ ಹುಟ್ಟಬೇಕು. ಸರಿ, ಹಾಗಾದರೆ ಇಲ್ಲಿ? ಮೊದಲ ಪೊರೆ ಬಿಟ್ಟ ಮೇಲೆ ಒಂದೊಂದನ್ನೇ ಹಿಡಿದು ನೋಡಿದೆ: ಗಂಡು 9, ಹೆಣ್ಣು 10. ಬಿಳಿಯವುಗಳಲ್ಲೇ ಗಂಡು ಎರಡು. ಅಪ್ಪ ಇದ್ದಾನೆ.

ಎರಡನೆಯದು, ಬೇರೆ ಅಪ್ಪನೇನಾದರೂ? ಹೆಣ್ಣು ಹಾವು ವೀರ್ಯವನ್ನು ತಿಂಗಳುಗಟ್ಟಲೆ ಕೂಡಿಟ್ಟುಕೊಳ್ಳಬಲ್ಲದು. ಆದರೆ ಇದು ಮರಿಯಾಗಿದ್ದಾಗಲೇ ಬಂದದ್ದು, ಬೇರೆ ಗಂಡನ್ನು ಕಂಡಿಲ್ಲ. ಈ ದಾರಿಯೂ ಮುಚ್ಚಿತು.

ಉಳಿದ ಒಂದೇ ಸಾಧ್ಯತೆ, ಸುರಿನಾಮ್‌ನ ಯಾವುದೋ ಅಸಲಿ ಹಾವಿನಲ್ಲಿ ಅದೇ ಜೀನು ತಾನಾಗಿ ಕೆಟ್ಟು, ಅದರ ಪೀಳಿಗೆ ಅಮ್ಮತ್ತಿಗೆ ಬಂದು, ಇಲ್ಲಿ ಅದೇ ಜೀನ್ ಹೊತ್ತ ಹೆಣ್ಣಿಗೇ ಜೊತೆಯಾಯಿತು ಎಂಬುದು. ಆಗುವುದೇ ಇಲ್ಲ ಎನ್ನಲಾರೆ. ನನ್ನ ಟಿಪ್ಪಣಿಯಲ್ಲಿ ‘ಖಚಿತ’ ಎಂದು ಬರೆಯದೆ ‘ಬಹುಮಟ್ಟಿಗೆ’ ಎಂದು ಬರೆದದ್ದು ಆ ಒಂದು ಎಳೆಗಾಗಿ. ಅದಕ್ಕಿಂತ ನಂಬಬಹುದಾದ ಕಥೆ ಇದು: ಕೆಲವು ತಲೆಮಾರು ಹಿಂದೆ ಯಾರೋ ಕೆಂಪು ಬಾಲದ ಬಿಳಿ ಹಾವು ಬೇಕೆಂದು ಸುರಿನಾಮ್ ಬೋವಾಕ್ಕೆ ಕೊಲಂಬಿಯಾದ ಆಲ್ಬಿನೋ ಕೂಡಿಸಿದರು. ಮರಿಗಳನ್ನು ಮತ್ತೆ ಸುರಿನಾಮ್ ಕಡೆಗೇ ಕೂಡಿಸಿದರು. ಅರ್ಧ, ಕಾಲು, ಅರೆಕಾಲು. ಮೂರನೇ ಸುತ್ತಿಗೆ ಬಾಲ ಕೆಂಪಗೆ, ಪಟ್ಟೆ ಚೂಪಗೆ, ನೋಡಿದವರೆಲ್ಲ ಸುರಿನಾಮ್ ಎನ್ನುವಂತಾಯಿತು. ಬೆರಕೆಯ ನೆನಪು ಒಂದು ಜೀನಿನಲ್ಲಿ ಉಳಿಯಿತು, ಕಾಗದದಲ್ಲಿ ಉಳಿಯಲಿಲ್ಲ.

ಡಿಎನ್‌ಎ ಮಾಡಿಸೋಣ ಎಂಬ ಹಟ

ಅಳಿಯ ಸುಲಭಕ್ಕೆ ಬಿಡಲಿಲ್ಲ. “ಪೊರೆ ಕಳಿಸಿದರೆ ಸಾಕಂತೆ ಸರ್, ಅದರಲ್ಲೇ ಡಿಎನ್‌ಎ ಸಿಗುತ್ತದಂತೆ. ಟೆಸ್ಟ್‌ನಲ್ಲಿ ಕನ್‌ಸ್ಟ್ರಿಕ್ಟರ್ ಎಂದು ಬಂದರೆ ಆಮೇಲೆ ಯಾರೂ ಮಾತಾಡುವ ಹಾಗಿಲ್ಲ.”

ಪೊರೆಯಲ್ಲಿ ಡಿಎನ್‌ಎ ಸಿಗುತ್ತದೆ, ಅದು ನಿಜ. ಕಳ್ಳಸಾಗಣೆ ಪ್ರಕರಣಗಳಲ್ಲಿ ಇದು ಯಾವ ಪ್ರಾಣಿ ಎಂದು ಗುರುತಿಸಲು ಮಾಡುವ ಮಾಮೂಲಿ ಪರೀಕ್ಷೆ ಮೈಟೋಕಾಂಡ್ರಿಯಾದ ಜೀನನ್ನು ಓದುತ್ತದೆ. ಮೈಟೋಕಾಂಡ್ರಿಯಾ ಬರುವುದು ಅಮ್ಮನಿಂದ ಮಾತ್ರ. ಅಮ್ಮನಿಗೆ ಅವಳ ಅಮ್ಮನಿಂದ. ಇದನ್ನು ಅಣ್ಣನಿಗೆ ಹೇಳುವುದು ನನಗೆ ಕಷ್ಟವಾಗಲಿಲ್ಲ. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಅಪ್ಪನಿಂದ ಬರುತ್ತದೆ. ಒಬ್ಬನ ಒಕ್ಕದ ಹೆಸರು ಕೇಳಿದರೆ ಅವನ ಅಪ್ಪನ, ಅಜ್ಜನ ಐನ್‌ಮನೆ (ಮೂಲಮನೆ) ಗೊತ್ತಾಗುತ್ತದೆ. ಅವನ ತಾಮನೆ (ತಾಯಿಯ ತವರು) ಯಾವುದೆಂದು ಆ ಹೆಸರು ಹೇಳುವುದಿಲ್ಲ. ಈ ಪರೀಕ್ಷೆ ಅದರ ಉಲ್ಟಾ. ತಾಯಿ, ತಾಯಿಯ ತಾಯಿ ಎಂದು ಒಂದೇ ದಾರದ ತುದಿ ಹಿಡಿದು ಹೋಗುತ್ತದೆ. ಆ ದಾರದ ಆಚೀಚೆ ಎಷ್ಟು ಮನೆಯಿಂದ ಅಳಿಯಂದಿರು ಬಂದರೂ ಅದಕ್ಕೆ ಲೆಕ್ಕವಿಲ್ಲ.

“ಹಾಗಾದರೆ ನಮ್ಮ ಗಂಡಿನ ಅಮ್ಮ ಸುರಿನಾಮ್ ಆಗಿದ್ದು ಅಪ್ಪ ಬೆರಕೆಯಾಗಿದ್ದರೆ?” ಅಣ್ಣ ಕೇಳಿದರು.

“ಸರ್ಟಿಫಿಕೇಟ್‌ನಲ್ಲಿ ಅಪ್ಪಟ ಕನ್‌ಸ್ಟ್ರಿಕ್ಟರ್ ಎಂದು ಬರುತ್ತದೆ.”

“ಮರಿಗಳಿಗೆ?”

“ಮರಿಗಳ ಅಮ್ಮ ನಿಮ್ಮ ಈ ಹೆಣ್ಣು. ಬಹುಶಃ ಹತ್ತೊಂಬತ್ತೂ ಇಂಪರೇಟರ್ ಎಂದು ಬರುತ್ತದೆ. ಅಪ್ಪ ಸುರಿನಾಮ್‌ನಿಂದ ನಿನ್ನೆ ಇಳಿದು ಬಂದಿದ್ದರೂ ಅಷ್ಟೇ.”

ಅಳಿಯ ಮೊಬೈಲ್ ತೆಗೆದು ಏನೋ ನೋಡತೊಡಗಿದರು. ಕೋಶಕೇಂದ್ರದ ಡಿಎನ್‌ಎ ಓದಿಸಿದರೆ ಎರಡೂ ಕಡೆಯ ಪಾಲು ಸಿಗುವುದಿಲ್ಲವೇ ಎಂದು ಅವರೇ ಹುಡುಕಿ ಕೇಳಿದರು. ಒಳ್ಳೆಯ ಪ್ರಶ್ನೆ. ಸಿಗುತ್ತದೆ. ಆದರೆ ಅದನ್ನು ಹೋಲಿಸಲು ಸ್ಥಳ ಖಚಿತವಿರುವ ಸುರಿನಾಮ್ ಹಾವುಗಳ, ಕೊಲಂಬಿಯಾ ಹಾವುಗಳ ಮಾದರಿ ಜೊತೆಗಿರಬೇಕು. ಅಳತೆಗೋಲೇ ಇಲ್ಲದೆ ಎಷ್ಟು ಅಡಿ ಎಂದು ಕೇಳಿದ ಹಾಗೆ ಅದು.

ಇಷ್ಟಕ್ಕೂ ಶುದ್ಧತೆ ಯಾರಿಗೆ ಬೇಕು ಎಂಬ ಪ್ರಶ್ನೆ ನನ್ನನ್ನು ಕಾಡಿತು. ಕೆಲವೆಡೆ ಅದು ನಿಜಕ್ಕೂ ಜೀವನ್ಮರಣದ ವಿಷಯ. ಹೊಂಡುರಾಸ್‌ನ ಕಾಯೋಸ್ ಕೊಚಿನೋಸ್ ದ್ವೀಪಗಳ ಮಾಸಲು ಬಣ್ಣದ ಗಿಡ್ಡ ಬೋವಾಗಳನ್ನು ಸಾಕುಪ್ರಾಣಿ ವ್ಯಾಪಾರಕ್ಕೆ ಬಾಚಿ ಬಾಚಿ ಒಯ್ದು ಬರಿದು ಮಾಡಿದ್ದರು. ಡೊಮಿನಿಕಾ, ಸೇಂಟ್ ಲೂಸಿಯಾ ದ್ವೀಪಗಳಿಗೆ ಅವುಗಳದ್ದೇ ಬೋವಾ ಇವೆ. ಅರ್ಜೆಂಟೀನಾ ಕಡೆಯ ಆಕ್ಸಿಡೆಂಟಾಲಿಸ್ ಉಪಪ್ರಭೇದ ಸೈಟಿಸ್‌ನ ಮೊದಲ ಅನುಬಂಧದಲ್ಲಿದೆ, ಉಳಿದ ಬೋವಾ ಕನ್‌ಸ್ಟ್ರಿಕ್ಟರ್‌ಗಳು ಎರಡನೆಯದರಲ್ಲಿ. ಅಲ್ಲಿ ಬೆರಕೆಯಾದರೆ ಕಾನೂನಿನ ಲೆಕ್ಕವೇ ಬದಲಾದೀತು. ಅಮ್ಮತ್ತಿಯ ಮರಿ ಯಾವ ಕಾಲಕ್ಕೂ ಸುರಿನಾಮ್‌ನ ಕಾಡಿಗೆ ಮರಳುವುದಿಲ್ಲ. ಇಲ್ಲಿ ಶುದ್ಧ ಎಂಬ ಮಾತಿಗೆ ಇದ್ದದ್ದು ಬೆಲೆಪಟ್ಟಿಯ ಅರ್ಥ ಮಾತ್ರ. ಆ ಅರ್ಥವೂ ಎಷ್ಟು ಟೊಳ್ಳು ಎಂಬುದು ಎರಡು ದಿನದಲ್ಲೇ ಗೊತ್ತಾಯಿತು. ಬಿಳಿ ಮರಿಯ ಫೋಟೋ ನೋಡಿದ ಅದೇ ಹವ್ಯಾಸಿ, ಸುರಿನಾಮ್ ಬಿಡಿ, ಆ ನಾಲ್ಕು ಬಿಳಿಯವೇ ಇರಲಿ, ಹೆಚ್ಚು ಕೊಡುತ್ತೇನೆ ಎಂದರಂತೆ. ಬೆರಕೆ ಬೇಡ ಎಂದವರೇ ಬೆರಕೆಯ ಗುರುತಿಗೆ ಹೆಚ್ಚು ಬೆಲೆ ಕಟ್ಟಿದರು.

ಕೊನೆಗೆ ಏನು ಬರೆದೆವು

ಒಂದು ಸಂಜೆ ಮೂವರೂ ಕೂತೆವು. ಅಣ್ಣ ಕಾಫಿ ತರಿಸಿ, ತಮ್ಮ ವಾದ ಇಟ್ಟರು. “ನನ್ನ ತೋಟದಲ್ಲಿರುವ ಸಿ×ಆರ್ ಕಾಫಿ ಬೆರಕೆಯೇ. ಕಾಂಜೆನ್ಸಿಸ್ ಎಂಬ ಕಾಫಿಗೆ ರೋಬಸ್ಟಾ ಕೂಡಿಸಿದ್ದು. ಅರೇಬಿಕಾದ 795ರ ರಕ್ತದಲ್ಲೂ ಲೈಬೀರಿಕಾ ಇದೆ. ಅದನ್ನು ಯಾರಾದರೂ ಕೀಳು ಎನ್ನುತ್ತಾರೆಯೇ? ಹಾವಿಗೆ ಮಾತ್ರ ಯಾಕೆ ಈ ಮಡಿ?”

ನನಗೆ ಅವರ ವಾದ ಹಿಡಿಸಿತು. ಆದರೆ ನರ್ಸರಿಯಲ್ಲಿ ಸಿ×ಆರ್ ಬುಟ್ಟಿಗೆ ಸಿ×ಆರ್ ಎಂದೇ ಚೀಟಿ ಇರುತ್ತದೆ. ಅಪ್ಪಟ ಪೆರಿಡೇನಿಯಾ ರೋಬಸ್ಟಾ ಎಂದು ಬರೆದು ಮಾರಿದರೆ ಇದೇ ಅಣ್ಣ ಬುಟ್ಟಿ ವಾಪಸ್ ಎಸೆಯುತ್ತಾರೆ. ಇದನ್ನು ಹೇಳಿದಾಗ ನಕ್ಕು, ಅಳಿಯನ ಕಡೆ ತಿರುಗಿ, “ಬರಿ, ಡಾಕ್ಟರ್ ಹೇಳಿದ ಹಾಗೆ ಬರಿ” ಎಂದರು.

ಮರಿಗಳ ಪುಸ್ತಕದಲ್ಲಿ ಬರೆದದ್ದು: ತಾಯಿ, ಇಂಪರೇಟರ್ ಮಾದರಿ, ಮೂಲ ಸ್ಥಳ ತಿಳಿಯದು. ತಂದೆ, ಮಾರಿದವರು ಸುರಿನಾಮ್ ಎಂದರು, ಆಲ್ಬಿನೋ ಜೀನ್ ಹೊತ್ತಿದೆ, ಬಹುಮಟ್ಟಿಗೆ ಬೆರಕೆ. ಮರಿಗಳು ಬೆರಕೆ. ಸಾಮಾನ್ಯ ಬಣ್ಣದ ಪ್ರತಿ ಮರಿಯೂ ಆಲ್ಬಿನೋ ಜೀನ್ ಹೊತ್ತಿರುವ ಸಾಧ್ಯತೆ ಮೂರರಲ್ಲಿ ಎರಡು. ಸರ್ಕಾರಿ ಅರ್ಜಿಯಲ್ಲಿ ಪ್ರಭೇದದ ಕಾಲಂಗೆ ಹಿಂದಿನ ಘೋಷಣೆಯ ಹೆಸರನ್ನೇ ಉಳಿಸಿದೆವು. ಒಂದೇ ಹಾವಿಗೆ ಎರಡು ದಾಖಲೆಯಲ್ಲಿ ಎರಡು ಹೆಸರಾದರೆ ನಾಳೆ ಅದೇ ತಕರಾರಾಗುತ್ತದೆ. ಬೆರಕೆಯ ವಿಷಯವನ್ನು ನನ್ನ ಸಹಿಯ ಟಿಪ್ಪಣಿಯಾಗಿ ಜೊತೆಗಿಟ್ಟೆವು. ಮರಿಗಳ ಎಡಬಲ ಫೋಟೋ ತೆಗೆದು ಒಂದೊಂದಕ್ಕೂ ನಂಬರ್ ಹಾಕಿದೆವು. ಬೋವಾದ ಬೆನ್ನ ಪಟ್ಟೆ ಬೆರಳಚ್ಚಿನ ಹಾಗೆ, ಒಂದರದ್ದು ಇನ್ನೊಂದಕ್ಕಿಲ್ಲ. ಆರು ಮರಿಯ ಮಾತನ್ನು ಅಳಿಯ ಹಿಂತೆಗೆದುಕೊಂಡರು. ಗಂಡು ಹೆಣ್ಣನ್ನು ಬೇರೆ ಬೇರೆ ಪೆಟ್ಟಿಗೆಗೆ ಹಾಕಿದೆವು. ಇನ್ನೊಮ್ಮೆ ಕೂಡಿಸುವುದಿಲ್ಲ ಎಂದು ಅಣ್ಣನೇ ಹೇಳಿದರು. ಹತ್ತೊಂಬತ್ತು ಮರಿಗೆ ಇಲಿಮರಿ ಹೊಂದಿಸಿ ಸುಸ್ತಾಗಿದ್ದರು.

ಆ ಸುಸ್ತಿನಲ್ಲೇ ತೋಟದ ರೈಟರ್ (ಲೆಕ್ಕ ಬರೆಯುವವರು) ಒಂದು ಸಲಹೆ ಕೊಟ್ಟಿದ್ದರು: ನಾಲ್ಕೈದನ್ನು ಕೆಳಗಿನ ಹೊಳೆ ಬದಿ ಬಿಟ್ಟರೆ ಇಲಿ ಕಾಟವಾದರೂ ತಪ್ಪುತ್ತದೆ. ನಾನು ಈ ಪ್ರಕರಣದಲ್ಲಿ ದನಿ ಏರಿಸಿದ್ದು ಅದೊಂದೇ ಸಲ. 1971ರಲ್ಲಿ ಮೆಕ್ಸಿಕೋದ ಕೊಸುಮೆಲ್ ದ್ವೀಪದಲ್ಲಿ ಕೆಲವೇ ಬೋವಾ ಬಿಟ್ಟರು, ಈಗ ದ್ವೀಪದ ತುಂಬ ಅವೇ. ಅರುಬಾದಲ್ಲಿ 1999ರಲ್ಲಿ ಮೊದಲು ಕಂಡದ್ದನ್ನು ಇನ್ನೂ ಹಿಡಿದು ಮುಗಿದಿಲ್ಲ. ನೆರಳು, ತೇವ, ಇಲಿ, ಹಕ್ಕಿ ಎಲ್ಲ ಇರುವ ಕೊಡಗಿನ ತೋಟಕ್ಕೆ ಅದನ್ನು ಬಿಡುವುದೆಂದರೆ ಏನೆಂದು ರೈಟರ್‌ಗೆ ಅರ್ಥವಾಯಿತು. ಅಣ್ಣ ಅಂದೇ ಕೋಣೆಗೆ ಎರಡನೇ ಬೀಗ ಹಾಕಿಸಿದರು.

ಆಗಸ್ಟ್‌ನಲ್ಲಿ ಎರಡು ಮರಿ ಸತ್ತವು, ಎರಡೂ ತಿನ್ನದೆ ಸೊರಗಿದವು. ಬೋವಾಗಳಿಗೆ ಬರುವ ವೈರಸ್ ರೋಗದ ಭಯವಿದ್ದುದರಿಂದ ಉಳಿದವನ್ನು ಮೂರು ತಿಂಗಳು ಒಂದೊಂದೇ ಡಬ್ಬಿಯಲ್ಲಿಟ್ಟು ನೋಡಿದೆವು. ತೊಂದರೆ ಕಾಣಲಿಲ್ಲ. ಸಾವಿನ ವರದಿಯನ್ನೂ ಸಲ್ಲಿಸಲಾಯಿತು.

ನವೆಂಬರ್‌ನಲ್ಲಿ ಅಳಿಯನ ಫೋನ್ ಬಂತು. ಇಬ್ಬರು ಮರಿ ಕೇಳುತ್ತಿದ್ದಾರೆ, ಕೈಬದಲಿನ ಅರ್ಜಿ ಹಾಕುತ್ತೇನೆ, ಬೆರಕೆ ಎಂದೂ ಹೇಳಿದ್ದೇನೆ.

“ಒಂದೇ ಒಂದು ಕೇಳಲಾ ಸರ್? ಅರ್ಧ ಸುರಿನಾಮ್ ಎಂದು ಬರೆಯಬಹುದಾ?”

“ಗಂಡು ಪೂರ್ತಿ ಸುರಿನಾಮ್ ಆಗಿದ್ದರೆ ಮರಿ ಅರ್ಧ ಆಗುತ್ತಿತ್ತು.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಹಾಗಾದರೆ ಪುಸ್ತಕದಲ್ಲಿರುವ ಹಾಗೇ ಬರೆಯುತ್ತೇನೆ” ಎಂದು ಫೋನ್ ಇಟ್ಟರು.